ಛಾಯಾಚಿತ್ರಗಾರ ರಾಜಾ ದೀನದಯಾಳ

ಸಿಂಧನೂರು, ಮಸ್ಕಿ, ಲಿಂಗಸುಗೂರು ಇವು ಇಂದು ಕರ್ನಾಟಕದ ರಾಯಚೂರು ಜಿಲ್ಲೆಗೆ ಸೇರಿದ ಊರುಗಳು. ಆದರೆ 1948ರವರೆಗೆ ಇವೆಲ್ಲವೂ ಹೈದರಾಬಾದಿನ ನಿಜಾಮರ ಸಂಸ್ಥಾನಕ್ಕೆ ಒಳಪಟ್ಟಿದ್ದವು. ಕೃಷ್ಣೆ ಮತ್ತು ತುಂಗಭದ್ರೆಯರ ನಡುವಣ ಈ ನಾಡು 1853ರಲ್ಲಿ ಆಂಗ್ಲರ ಕೈಸೇರಿ, 1860ರಲ್ಲಿ ಮತ್ತೆ ನಿಜಾಮರಿಗೆ ಮರಳಿತು. ಲಿಂಗಸುಗೂರು ಆಗ ದೊಡ್ಡ ಠಾಣ್ಯ. ಅಲ್ಲಿ ಸೈನ್ಯದ ದಂಡು ಇದ್ದಿತು. ಅದರ ಹೆಸರಿನಲ್ಲಿಯೇ ಒಂದು ಜಿಲ್ಲೆಯೂ ಇದ್ದಿತು. 1905ರಲ್ಲಿ ಆ ಜಿಲ್ಲೆಯನ್ನು ಒಡೆದು ನೆರೆಯ ಜಿಲ್ಲೆಗಳಿಗೆ ಹಂಚಲಾಯಿತು. ಅದೇ 1905ರ ಜುಲೈ ತಿಂಗಳಿನಲ್ಲಿ ಆ ಸಂಸ್ಥಾನದ ಪ್ರಸಿದ್ಧ ಪುರುಷರೊಬ್ಬರು ಕಾಲವಾದರು. ಅವರು ಮಂತ್ರಿಯಲ್ಲ, ದಂಡನಾಯಕರಲ್ಲ, ಜಹಗೀರುದಾರರ ಮನೆತನದಲ್ಲಿ ಹುಟ್ಟಿದವರೂ ಅಲ್ಲ. ಬೆಳಕನ್ನು ಗಾಜಿನ ಮೇಲೆ ಹಿಡಿದು ನಿಲ್ಲಿಸುವ ವಿದ್ಯೆಯಿಂದಲೇ ರಾಜಾ ಎಂಬ ಬಿರುದನ್ನು ಪಡೆದವರು. ಅವರ ಹೆಸರು ದೀನದಯಾಳ.

ದೀನದಯಾಳರು 1844ರಲ್ಲಿ ಉತ್ತರ ಭಾರತದ ಮೀರತ್ ಸಮೀಪದ ಸರ್ಧಾನಾ ಎಂಬ ಊರಿನಲ್ಲಿ ಜೈನ ಮನೆತನವೊಂದರಲ್ಲಿ ಜನಿಸಿದರು. ರೂರ್ಕಿಯ ಥಾಮ್ಸನ್ ಇಂಜಿನಿಯರಿಂಗ್ ಕಾಲೇಜು ಆ ಕಾಲಕ್ಕೆ ದೇಶದಲ್ಲಿ ಹೆಸರಾದ ವಿದ್ಯಾಲಯ. ಅಲ್ಲಿ ಅವರು ನಕ್ಷೆ ಬರೆಯುವುದನ್ನೂ ಕಟ್ಟಡಗಳ ಅಂದಾಜು ಪಟ್ಟಿ ತಯಾರಿಸುವುದನ್ನೂ ಕಲಿತು, 1866ರಲ್ಲಿ ಇಂದೂರಿನ ಲೋಕೋಪಯೋಗಿ ಇಲಾಖೆಯಲ್ಲಿ ನೌಕರಿಗೆ ಸೇರಿದರು. ದಿನವೆಲ್ಲ ಅಳತೆ, ಲೆಕ್ಕ, ಗೆರೆ, ಮೂಲೆಮಟ್ಟ. ಒಂದು ಗೋಡೆ ಲಂಬವಾಗಿದೆಯೇ, ಒಂದು ಕಮಾನಿನ ಎರಡು ಬದಿಗಳೂ ಸಮವಾಗಿವೆಯೇ ಎಂಬುದನ್ನು ಕಣ್ಣಳತೆಯಿಂದಲೇ ಹೇಳಬಲ್ಲ ನೌಕರರು ಇಂಥ ಇಲಾಖೆಗಳಲ್ಲಿ ಪಳಗುತ್ತಿದ್ದರು. ಮುಂದೆ ದೀನದಯಾಳರು ತೆಗೆದ ಕಟ್ಟಡಗಳ ಚಿತ್ರಗಳನ್ನು ನೋಡಿದಾಗ, ಆ ನಕ್ಷೆಗಾರನ ಕಣ್ಣು ಅವುಗಳಲ್ಲಿ ಕೆಲಸಮಾಡಿರುವುದು ಸ್ಪಷ್ಟವಾಗಿ ಕಾಣುತ್ತದೆ.

ಅವರು ಕ್ಯಾಮೆರಾವನ್ನು ಕೈಗೆತ್ತಿಕೊಂಡದ್ದು 1874ರಲ್ಲಿ. ಆಗ ಅವರಿಗೆ ಮೂವತ್ತು ವರ್ಷ. ನೌಕರಿಯನ್ನು ಬಿಟ್ಟು ಹಿಡಿದ ಉದ್ಯೋಗ ಅದಲ್ಲ, ನೌಕರಿಯ ಜೊತೆಗೆ ಬೆಳೆಸಿಕೊಂಡ ಹವ್ಯಾಸ. ಹತ್ತು ವರ್ಷಗಳಿಗೂ ಮಿಕ್ಕಿ ಅವರು ಸರಕಾರದ ನಕ್ಷೆಗಾರರಾಗಿಯೇ ಇದ್ದುಕೊಂಡು ಚಿತ್ರಗಳನ್ನು ತೆಗೆದರು. ಈ ಸಂಗತಿಯನ್ನು ಅವರ ಜೀವನವನ್ನು ಹೇಳುವವರು ಒಂದೇ ಮಾತಿನಲ್ಲಿ ದಾಟಿಬಿಡುವುದುಂಟು. ನನಗಾದರೋ ಅವರ ಬಾಳಿನ ಅತ್ಯಂತ ಮುಖ್ಯವಾದ ಕಾಲ ಇದೇ ಎನಿಸುತ್ತದೆ. ದರಬಾರಿನ ಕರೆ ಬಂದ ಮೇಲೆ ದುಡಿಯುವುದು ಯಾರಿಗೂ ಸಾಧ್ಯ. ಕರೆಯುವವರೇ ಇಲ್ಲದಿರುವಾಗ, ಕಚೇರಿಯ ಕೆಲಸ ತೀರಿಸಿ ಉಳಿದ ಹೊತ್ತಿನಲ್ಲಿ, ಬೇಸಗೆ ಮಳೆಗಾಲಗಳೆನ್ನದೆ ಒಂದು ಕಠಿಣವಾದ ವಿದ್ಯೆಯನ್ನು ಕೈವಶಮಾಡಿಕೊಳ್ಳುವುದು ಎಲ್ಲರಿಂದಲೂ ಆಗುವ ಮಾತಲ್ಲ.

ಆ ವಿದ್ಯೆ ಎಷ್ಟು ಕಠಿಣವಾಗಿದ್ದಿತೆಂಬುದನ್ನು ನೀವು ಇಂದು ಊಹಿಸುವುದು ಕಷ್ಟ. ಈಗ ಜೇಬಿನಲ್ಲಿ ಹಿಡಿಸುವ ಮೊಬೈಲಿನಿಂದ ಬೆರಳನ್ನು ಒತ್ತಿದಷ್ಟೂ ಚಿತ್ರಗಳು ಬರುತ್ತವೆ. ಛಾಯಾಚಿತ್ರಕಲೆ ಜಗತ್ತಿಗೆ ಪರಿಚಯವಾದುದು 1839ರಲ್ಲಿ, ಫ್ರಾನ್ಸ್ ಮತ್ತು ಇಂಗ್ಲೆಂಡ್ ದೇಶಗಳಲ್ಲಿ. ದೀನದಯಾಳರು ಅದನ್ನು ಕಲಿಯುವ ಹೊತ್ತಿಗೆ ಹಸಿ ಗಾಜಿನ ಪದ್ಧತಿ ಬಳಕೆಯಲ್ಲಿದ್ದಿತು. ಶುಚಿಯಾಗಿ ಒರೆಸಿದ ಗಾಜಿನ ಹಲಗೆಯ ಮೇಲೆ ಕಲೋಡಿಯನ್ ಎಂಬ ಅಂಟುದ್ರವವನ್ನು ಒಂದೇ ಸಮನಾಗಿ ಹರಡಬೇಕು. ಅನಂತರ ಕತ್ತಲೆಯಲ್ಲಿ ಆ ಗಾಜನ್ನು ಬೆಳ್ಳಿಯ ಲವಣದ ದ್ರಾವಣದಲ್ಲಿ ಅದ್ದಿ, ತೇವ ಆರುವುದಕ್ಕೆ ಮೊದಲೇ ಕ್ಯಾಮೆರಾದೊಳಗೆ ಇಟ್ಟು ಬೆಳಕಿಗೆ ಒಡ್ಡಬೇಕು. ಒಡ್ಡಿದ ಕೂಡಲೆ ಕತ್ತಲೆಯ ಡೇರೆಗೆ ಓಡಿ ರಾಸಾಯನಿಕಗಳಿಂದ ತೊಳೆಯಬೇಕು. ಗಾಜು ಒಣಗಿತೋ ಚಿತ್ರ ಕೆಟ್ಟಿತು. ಧೂಳಿನ ಒಂದು ಕಣ ಕುಳಿತರೂ ಅದು ಚಿತ್ರದಲ್ಲಿ ಚುಕ್ಕೆಯಾಗಿ ಉಳಿಯಿತು. ಚಳಿದೇಶದವರು ಕಂಡುಹಿಡಿದ ಈ ಪದ್ಧತಿ ನಮ್ಮ ಏಪ್ರಿಲ್ ಮೇ ತಿಂಗಳುಗಳ ಬಿಸಿಲಿಗೆ ಎಷ್ಟು ಒಗ್ಗೀತು? ಸಿಂಧನೂರು ಲಿಂಗಸುಗೂರುಗಳ ಬೇಸಗೆಯನ್ನು ಕಂಡ ನಿಮಗೆ ಅದನ್ನು ಬೇರೆ ಹೇಳಬೇಕಾಗಿಲ್ಲ.

ಹೀಗೆ ಮೂಡಿದ ಗಾಜಿನ ಚಿತ್ರದಲ್ಲಿ ಬೆಳಕಿದ್ದಲ್ಲಿ ಕಪ್ಪು, ನೆರಳಿದ್ದಲ್ಲಿ ಬಿಳುಪು. ಅದನ್ನು ಮೊಟ್ಟೆಯ ಬಿಳಿಯ ಲೋಳೆ ಸವರಿದ ಕಾಗದದ ಮೇಲೆ ಒತ್ತಿಹಿಡಿದು ಬಿಸಿಲಿನಲ್ಲಿ ಇರಿಸಿದರೆ, ಕಾಗದದ ಮೇಲೆ ನೆರಳು ಬೆಳಕುಗಳು ತಮ್ಮ ಸಹಜ ಸ್ಥಾನಕ್ಕೆ ಮರಳಿ ಚಿತ್ರ ಮೂಡುತ್ತಿತ್ತು. ಗಾಜು ಎಷ್ಟು ದೊಡ್ಡದೋ ಚಿತ್ರವೂ ಅಷ್ಟೇ ದೊಡ್ಡದು. ದೊಡ್ಡ ಚಿತ್ರ ಬೇಕಾದರೆ ದೊಡ್ಡ ಗಾಜು, ದೊಡ್ಡ ಗಾಜಿಗೆ ದೊಡ್ಡ ಪೆಟ್ಟಿಗೆ, ಅದನ್ನು ಹೊರಲು ಗಾಡಿ, ಎತ್ತು, ಆಳುಗಳು. ಮೂರುಕಾಲಿನ ಪೀಠದ ಮೇಲೆ ಮರದ ಕ್ಯಾಮೆರಾವನ್ನು ನಿಲ್ಲಿಸಿ, ಕರಿಯ ಬಟ್ಟೆಯ ಮುಸುಕಿನೊಳಗೆ ತಲೆಯಿಟ್ಟು ನೋಡಿದರೆ ಎದುರಿನ ದೃಶ್ಯ ತಲೆಕೆಳಗಾಗಿ ಕಾಣುತ್ತಿತ್ತು. ತಲೆಕೆಳಗಾದುದನ್ನು ನೋಡಿಯೇ ನೆಟ್ಟಗಿನದನ್ನು ನಿರ್ಣಯಿಸಬೇಕು.

ಅವರ ಕೆಲಸ ಬೇಗನೆ ಮೇಲಧಿಕಾರಿಗಳ ಕಣ್ಣಿಗೆ ಬಿದ್ದಿತು. ಮಧ್ಯಭಾರತದ ಸಂಸ್ಥಾನಗಳ ಮೇಲ್ವಿಚಾರಣೆಗೆ ನೇಮಕವಾಗಿದ್ದ ಸರ್ ಹೆನ್ರಿ ಡೇಲಿಯವರು ಅವರಿಗೆ ಪ್ರೋತ್ಸಾಹವನ್ನಿತ್ತರು. ವೈಸರಾಯ್ ನಾರ್ತ್‌ಬ್ರೂಕ್ ಇಂದೂರಿಗೆ ಬಂದಾಗ ಅವರ ಪರಿವಾರದ ಚಿತ್ರವನ್ನು ತೆಗೆಯುವ ಅವಕಾಶ ಒದಗಿತು. 1875–76ರಲ್ಲಿ ಇಂಗ್ಲೆಂಡಿನ ಯುವರಾಜರು ಭಾರತ ಪ್ರವಾಸಕ್ಕೆ ಬಂದಾಗಲೂ ಅವರು ಚಿತ್ರಗಳನ್ನು ತೆಗೆದರು. ಡೇಲಿಯವರ ತರುವಾಯ ಬಂದ ಸರ್ ಲೆಪೆಲ್ ಗ್ರಿಫಿನ್ ಅವರಿಗೆ ಪುರಾತನ ಕಟ್ಟಡಗಳಲ್ಲಿ ಆಸಕ್ತಿ. ಅವರೊಡನೆ ದೀನದಯಾಳರು 1882ರ ಸುಮಾರಿನಲ್ಲಿ ಬುಂದೇಲಖಂಡದ ಕಡೆ ಸಂಚಾರ ಹೊರಟರು. ಮಧ್ಯಭಾರತದ ಕೋಟೆಗಳು, ಅರಮನೆಗಳು, ಗುಡಿಗಳು ಅವರ ಗಾಜಿನ ಹಲಗೆಗಳ ಮೇಲೆ ಮೂಡಿದವು. ಅವುಗಳಲ್ಲಿ ಆಯ್ದ 86 ಚಿತ್ರಗಳು ಮಧ್ಯಭಾರತದ ಪ್ರಸಿದ್ಧ ಸ್ಮಾರಕಗಳು ಎಂಬ ಅರ್ಥದ ಹೆಸರಿನಲ್ಲಿ 1886ರಲ್ಲಿ ಗ್ರಂಥರೂಪವಾಗಿ ಹೊರಬಂದವು.

1885ರಲ್ಲಿ ದೀನದಯಾಳರು ನೌಕರಿಯಿಂದ ಎರಡು ವರ್ಷಗಳ ರಜೆಯನ್ನು ಪಡೆದರು. ಪಿಂಚಣಿಯ ಭರವಸೆಯಿದ್ದ ಸರಕಾರಿ ಕೆಲಸ ಒಂದು ಕಡೆ, ಗಾಜು ಒಡೆದರೆ ಒಡೆದುಹೋಗುವ ಜೀವನೋಪಾಯ ಇನ್ನೊಂದು ಕಡೆ. ಅವರು ಎರಡನೆಯದನ್ನೇ ಆರಿಸಿಕೊಂಡು, ಮತ್ತೆ ಕಚೇರಿಗೆ ಹಿಂತಿರುಗಲಿಲ್ಲ. ಆ ಸುಮಾರಿಗೆ ಹೈದರಾಬಾದಿನ ಆರನೆಯ ನಿಜಾಮರಾದ ಮಹಬೂಬ್ ಅಲೀ ಖಾನರು ಅವರನ್ನು ತಮ್ಮ ಆಸ್ಥಾನದ ಛಾಯಾಚಿತ್ರಗಾರರನ್ನಾಗಿ ನೇಮಿಸಿಕೊಂಡರು. ಅವರು ಇಂದೂರನ್ನು ಬಿಟ್ಟು ಸಿಕಂದರಾಬಾದಿನಲ್ಲಿ ನೆಲಸಿ ಚಿತ್ರಶಾಲೆಯನ್ನು ತೆರೆದರು.

ಅಷ್ಟರಲ್ಲಿ ಛಾಯಾಚಿತ್ರಕಲೆಯಲ್ಲಿಯೂ ಒಂದು ಕ್ರಾಂತಿ ಆಗಿದ್ದಿತು. ಮೊದಲೇ ಲೇಪಿಸಿ ಒಣಗಿಸಿ ಪೆಟ್ಟಿಗೆಯಲ್ಲಿ ಕಟ್ಟಿ ಮಾರುವ ಒಣಗಾಜುಗಳು ಪೇಟೆಗೆ ಬಂದಿದ್ದವು. ಕತ್ತಲೆಯ ಡೇರೆಯನ್ನು ಬೆನ್ನಿಗೆ ಕಟ್ಟಿಕೊಂಡು ತಿರುಗುವ ಕಷ್ಟ ತಪ್ಪಿತು. ಬೆಳಕಿಗೆ ಒಡ್ಡುವ ಕಾಲವೂ ಕಡಮೆಯಾಯಿತು. ಓಡುವ ಕುದುರೆ, ಸೈನ್ಯದ ಕವಾಯತು, ಸಂದಣಿಯ ಬೀದಿ ಇವನ್ನು ಹಿಡಿಯುವುದು ಸಾಧ್ಯವಾಯಿತು. ದೀನದಯಾಳರು ನಿಜಾಮರ ದರಬಾರನ್ನೂ ಬೇಟೆಯ ಬಿಡಾರಗಳನ್ನೂ ಸೇನೆಯ ಪ್ರದರ್ಶನಗಳನ್ನೂ ಅರಮನೆಗಳ ಹಜಾರಗಳನ್ನೂ ಚಾರಮಿನಾರಿನ ಬೀದಿಗಳನ್ನೂ ಚಿತ್ರಿಸಿದರು. 1902ರಲ್ಲಿ ವೈಸರಾಯ್ ಕರ್ಜನ್ ದಂಪತಿಗಳು ಹೈದರಾಬಾದ್ ಸಂಸ್ಥಾನಕ್ಕೆ ಬಂದು, ಬೇಟೆಯಾಡಿದ ಹುಲಿಯ ಬಳಿ ನಿಂತ ಚಿತ್ರ ಇಂದಿಗೂ ಅನೇಕ ಇತಿಹಾಸ ಗ್ರಂಥಗಳಲ್ಲಿ ಕಾಣುತ್ತದೆ. ಅದು ಅವರ ಚಿತ್ರಶಾಲೆಯದೇ.

ಬಿರುದುಗಳು ಬಂದವು. ನಿಜಾಮರು ರಾಜಾ ಎಂಬ ಪದವಿಯೊಡನೆ ಮುಸವ್ವಿರ್ ಜಂಗ್ ಎಂಬ ಬಿರುದನ್ನೂ ಕೊಟ್ಟರು. ಮುಸವ್ವಿರ್ ಎಂದರೆ ಚಿತ್ರಕಾರ. 1897ರಲ್ಲಿ ವಿಕ್ಟೋರಿಯಾ ರಾಣಿಯ ಛಾಯಾಚಿತ್ರಗಾರರೆಂಬ ನೇಮಕಪತ್ರವೂ ದೊರೆಯಿತು. ಮುಂಬಯಿಯಲ್ಲಿ ಅವರ ಸಂಸ್ಥೆಯ ಶಾಖೆ ನಡೆಯಿತು. ಬಿರುದುಗಳ ಪಟ್ಟಿ ಇನ್ನೂ ಉದ್ದವಾಗಿದೆ. ಅದನ್ನು ಇಲ್ಲಿ ಪೂರ್ತಿಯಾಗಿ ಕೊಡುವ ಅಗತ್ಯವಿಲ್ಲ.

ಅದಕ್ಕಿಂತ ಹೆಚ್ಚು ನೆನಪಿಡತಕ್ಕ ಸಂಗತಿ ಒಂದಿದೆ. ಆ ಕಾಲದಲ್ಲಿ ಹೈದರಾಬಾದಿನ ಶ್ರೀಮಂತ ಮನೆತನಗಳ ಸ್ತ್ರೀಯರು ಗೋಷೆಯಲ್ಲಿರುತ್ತಿದ್ದರು. ಪರಪುರುಷನ ಮುಂದೆ ಕುಳಿತು ಚಿತ್ರ ತೆಗೆಸಿಕೊಳ್ಳುವುದು ಅವರಿಗೆ ನಿಷಿದ್ಧ. ಗಂಡನ ಚಿತ್ರವಿರುತ್ತಿತ್ತು, ಮಗನ ಚಿತ್ರವಿರುತ್ತಿತ್ತು, ಮನೆಯ ಆನೆಯ ಚಿತ್ರವೂ ಇರುತ್ತಿತ್ತು. ಮನೆಯೊಡತಿಯ ಚಿತ್ರ ಮಾತ್ರ ಇಲ್ಲ. ದೀನದಯಾಳರು 1892ರಲ್ಲಿ ಸ್ತ್ರೀಯರಿಗೆಂದೇ ಪ್ರತ್ಯೇಕವಾದ ಚಿತ್ರಶಾಲೆಯೊಂದನ್ನು ಏರ್ಪಡಿಸಿದರು. ಎತ್ತರವಾದ ಗೋಡೆಗಳ ಆವರಣದಲ್ಲಿದ್ದ ಆ ಚಿತ್ರಶಾಲೆಯನ್ನು ಕೆನ್ನಿ-ಲೆವಿಕ್ ಎಂಬ ಆಂಗ್ಲ ಮಹಿಳೆ ನೋಡಿಕೊಳ್ಳುತ್ತಿದ್ದರು. ಇದು ವ್ಯಾಪಾರದ ಜಾಣತನವೂ ಹೌದು. ಆದರೂ ತನ್ನ ಮುಖವನ್ನು ಕನ್ನಡಿಯಲ್ಲಲ್ಲದೆ ಬೇರೆಲ್ಲೂ ಕಂಡಿರದ ಒಬ್ಬ ಗೃಹಿಣಿ, ತನ್ನ ಚಿತ್ರವನ್ನು ಕೈಯಲ್ಲಿ ಹಿಡಿದು ನೋಡಿದ ಆ ಗಳಿಗೆಯನ್ನು ಊಹಿಸಿಕೊಂಡರೆ, ವ್ಯಾಪಾರ ಎಂಬ ಮಾತು ಅದಕ್ಕೆ ಸಾಲದು ಎನಿಸುತ್ತದೆ.

ದೀನದಯಾಳರು ನಕ್ಷೆಗಾರರಾಗಿದ್ದಾಗ ಕಲಿತ ಇನ್ನೊಂದು ಅಭ್ಯಾಸ ಅವರನ್ನು ಕಡೆಯವರೆಗೂ ಬಿಡಲಿಲ್ಲ. ಅವರ ಸಂಸ್ಥೆಯ ಚಿತ್ರಗಳಲ್ಲಿ ಹಲವುಗಳ ಅಂಚಿನಲ್ಲಿ ಕ್ರಮಸಂಖ್ಯೆ, ಸ್ಥಳದ ಹೆಸರು ಮತ್ತು ಅವರ ಸಹಿ ಇರುತ್ತವೆ. ನೋಡುವವರಿಗೆ ಇದು ಅಲ್ಪ ವಿಷಯ. ಇದರ ಬೆಲೆ ತಿಳಿಯಬೇಕಾದರೆ ಮಸ್ಕಿಗೆ ಹೋಗಬೇಕು. ಅಲ್ಲಿಯ ಬೆಟ್ಟದಲ್ಲಿ 1915ರಲ್ಲಿ, ಚಿನ್ನದ ನಿಕ್ಷೇಪವನ್ನು ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಇಂಜಿನಿಯರ್ ಬಂಡೆಯ ಮೇಲಿನ ಬ್ರಾಹ್ಮೀ ಬರಹವನ್ನು ಕಂಡರು. ದೇಶದ ಹಲವೆಡೆ ಅಂಥ ಶಾಸನಗಳು ಅದಕ್ಕೆ ಮೊದಲೇ ದೊರೆತಿದ್ದವು. ಅವುಗಳಲ್ಲಿ ದೇವಾನಾಂಪ್ರಿಯ ಪ್ರಿಯದರ್ಶಿ ಎಂಬ ಬಿರುದುಗಳಿದ್ದವೇ ಹೊರತು ಅರಸನ ಸ್ವಂತ ಹೆಸರಿರಲಿಲ್ಲ. ಸಿಂಹಳದ ಗ್ರಂಥಗಳ ಆಧಾರದಿಂದ ವಿದ್ವಾಂಸರು ಆತ ಅಶೋಕನೇ ಎಂದು ನಿರ್ಣಯಿಸಿದ್ದರು. ಮಸ್ಕಿಯ ಬಂಡೆಯಲ್ಲಿ ಅಶೋಕ ಎಂಬ ಹೆಸರೇ ದೊರೆತು ಆ ನಿರ್ಣಯ ಖಚಿತವಾಯಿತು. ಹೆಸರೊಂದು ಇದ್ದರೆ ಬಂಡೆ ಇತಿಹಾಸವನ್ನು ನುಡಿಯುತ್ತದೆ. ಇಲ್ಲದಿದ್ದರೆ ವಿದ್ವಾಂಸರು ಬೇರೆ ಬೇರೆ ದೇಶಗಳ ಗ್ರಂಥಗಳನ್ನು ಹುಡುಕಬೇಕಾಗುತ್ತದೆ. ಚಿತ್ರದ ಮಾತೂ ಹಾಗೆಯೇ. ಈ ಸೀಮೆಯ ಶಾಲೆಗಳಲ್ಲಿ ಬಹುಕಾಲ ಪಾಠ ಹೇಳಿದವನು ನಾನು. ವರ್ಷದ ಕೊನೆಯಲ್ಲಿ ಬೆಂಚುಗಳನ್ನು ಹೊರಗೆ ಸಾಗಿಸಿ, ಎತ್ತರದವರನ್ನು ಹಿಂದೆ ನಿಲ್ಲಿಸಿ, ಗುರುಗಳನ್ನು ಕುರ್ಚಿಗಳ ಮೇಲೆ ಕೂರಿಸಿ ತೆಗೆಸಿದ ಚಿತ್ರಗಳು ಎಷ್ಟೋ ಶಾಲೆಗಳ ಗೋಡೆಗಳ ಮೇಲೆ ಇಂದಿಗೂ ತೂಗುತ್ತಿವೆ. ಅವುಗಳಲ್ಲಿ ಹೆಸರುಗಳನ್ನು ಬರೆದಿರುವವು ವಿರಳ. ಹೆಸರಿಲ್ಲದ ಚಿತ್ರದ ಎದುರು ನಿಂತ ಮೊಮ್ಮಗನಿಗೆ ಅಜ್ಜ ಯಾರೆಂದು ತೋರಿಸುವವರು ಯಾರು?

ಗಾಜಿನ ಹಲಗೆಗೆ ಬೆಲೆಯಿದ್ದಿತು, ರಾಸಾಯನಿಕಗಳಿಗೆ ಬೆಲೆಯಿದ್ದಿತು, ಆಳುಗಳಿಗೆ ಕೂಲಿ ಕೊಡಬೇಕಾಗಿತ್ತು. ಆದುದರಿಂದ ದೀನದಯಾಳರ ಕ್ಯಾಮೆರಾ ಹೆಚ್ಚಾಗಿ ಹಣವುಳ್ಳವರ ಕಡೆಗೇ ಮುಖ ಮಾಡಿತು. ರಾಜರು, ವೈಸರಾಯರು, ಸೇನಾಧಿಕಾರಿಗಳು, ನವಾಬರು, ಅವರ ಅತಿಥಿಗಳು. ಆ ಚಿತ್ರಗಳಲ್ಲಿ ಬಡವರು ಕಾಣುವುದೇ ಇಲ್ಲವೆಂದಲ್ಲ. ಕುದುರೆಯ ಲಗಾಮು ಹಿಡಿದ ಸೇವಕ, ಬೀಸಣಿಗೆಯ ಆಳು, ಕೋಟೆಯ ಮುಂದೆ ಅದರ ಎತ್ತರ ತಿಳಿಯಲೆಂದು ನಿಲ್ಲಿಸಿದ ದಾರಿಹೋಕ, ಹೀಗೆ ಅಂಚಿನಲ್ಲಿ ಬಂದು ನಿಂತಿರುತ್ತಾರೆ. 1899–1900ರ ಬರಗಾಲದಲ್ಲಿ ಆಗಿನ ಔರಂಗಾಬಾದ್ ಜಿಲ್ಲೆಯಲ್ಲಿ ನಡೆದ ಪರಿಹಾರದ ಕಾಮಗಾರಿಗಳನ್ನು ಅವರ ಸಂಸ್ಥೆ ಚಿತ್ರಿಸಿತು. ಅಲ್ಲಿ ಮಾತ್ರ ಅಂಚಿನಲ್ಲಿದ್ದವರು ನಡುವಿಗೆ ಬಂದರು. ಆದರೆ ಅದೂ ಸರಕಾರದ ಕೆಲಸವನ್ನು ತೋರಿಸುವುದಕ್ಕಾಗಿ ತೆಗೆದ ಚಿತ್ರವೇ. ರೈತನೊಬ್ಬ ಬಿತ್ತುವುದನ್ನೋ ಹೆಂಗಸೊಬ್ಬಳು ರೊಟ್ಟಿ ಬಡಿಯುವುದನ್ನೋ, ಯಾವ ಕಾರಣವೂ ಇಲ್ಲದೆ, ಅದು ದಿನದಿನದ ಬಾಳು ಎಂಬುದಕ್ಕಾಗಿಯೇ ಚಿತ್ರಿಸುವ ಕಾಲ ಇನ್ನೂ ಬಂದಿರಲಿಲ್ಲ.

ಇದರಿಂದ ನಮ್ಮ ಸೀಮೆಗೆ ಆದ ನಷ್ಟ ಸಾಮಾನ್ಯವಾದುದಲ್ಲ. ಸಿಂಧನೂರಿನ ಸುತ್ತ ಇಂದು ಕಣ್ಣು ಹಾಯುವಷ್ಟು ದೂರ ಭತ್ತದ ಗದ್ದೆಗಳಿವೆ. ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆಯ ನೀರು ಹರಿಯುವುದಕ್ಕೆ ಮೊದಲು, ಎಂದರೆ ಇಪ್ಪತ್ತನೆಯ ಶತಮಾನದ ನಡುವಿನವರೆಗೆ, ಅಲ್ಲಿದ್ದುದು ಮಳೆಯನ್ನೇ ನಂಬಿದ ಎರೆಹೊಲ. ಬೆಳೆಯುತ್ತಿದ್ದುದು ಜೋಳ, ಹತ್ತಿ. ಆ ಹೊಲಗಳಲ್ಲಿ ಮುಂಗಾರು ಹೇಗೆ ಬಂದಿತು, ಸುಗ್ಗಿಯ ಕಣ ಹೇಗಿದ್ದಿತು, ನೀರಿಗಾಗಿ ಹೆಂಗಸರು ಎಷ್ಟು ದೂರ ನಡೆದರು ಎಂಬುದನ್ನು ವರ್ಷವಿಡೀ ಚಿತ್ರಿಸಿದ ಕೈಯೊಂದು ಇದ್ದಿದ್ದರೆ, ಅದು ಕೋಟೆಗಳ ಚಿತ್ರಕ್ಕಿಂತ ಬೆಲೆಯುಳ್ಳದ್ದಾಗಿರುತ್ತಿತ್ತು. ಇದಕ್ಕಾಗಿ ದೀನದಯಾಳರನ್ನು ದೂರುವುದು ನ್ಯಾಯವಲ್ಲ. ಒಂದು ಗಾಜನ್ನು ವ್ಯಯಮಾಡುವ ಮುನ್ನ ನೂರು ಬಾರಿ ಯೋಚಿಸಬೇಕಾದ ಕಾಲದಲ್ಲಿ ಅವರಿದ್ದರು.

ಆ ಕೊರತೆಯನ್ನು ತುಂಬಿದವರು ಮುಂದೆ ನಮ್ಮ ನಾಡಿನಲ್ಲಿಯೇ ಹುಟ್ಟಿದರು. ಮೈಸೂರಿನ ಟಿ. ಎಸ್. ಸತ್ಯನ್ ಅವರು (1923–2009) ಪತ್ರಿಕೆಗಳಿಗಾಗಿ ದುಡಿಯುತ್ತಲೇ ಬೀದಿಯ ಮಕ್ಕಳು, ಕೆಲಸದಲ್ಲಿ ಮುಳುಗಿದ ಹೆಂಗಸರು, ಸಂತೆಯ ಮುದುಕರು ಮುಂತಾದ ಸಾಮಾನ್ಯರನ್ನೇ ತಮ್ಮ ಕಪ್ಪುಬಿಳುಪಿನ ಚಿತ್ರಗಳಿಗೆ ವಸ್ತುವಾಗಿ ಮಾಡಿಕೊಂಡರು. 1977ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. ದರಬಾರಿನಿಂದ ಬೀದಿಗೆ ಬರಲು ಕ್ಯಾಮೆರಾಕ್ಕೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು. ಈಗಂತೂ ಅದು ಮನೆಯ ಅಂಗಳಕ್ಕೇ ಬಂದಿದೆ. ಕಾಲುವೆಗೆ ನೀರು ಬಿಟ್ಟ ದಿನ, ಸಸಿ ನಾಟಿಮಾಡುವ ಸಾಲು, ಮಸ್ಕಿಯ ಮಲ್ಲಯ್ಯನ ಬೆಟ್ಟವೇರುವ ಭಕ್ತರು, ಲಿಂಗಸುಗೂರಿನ ಸಂತೆ, ಶಾಲೆಯಿಂದ ಹಿಂತಿರುಗುವ ಗೆಳೆಯರು ಇವನ್ನು ದಿನಕ್ಕೊಂದರಂತೆ ತೆಗೆದಿಡುವ ಹುಡುಗ ಹುಡುಗಿಯರನ್ನು ನಾನು ಬಲ್ಲೆ. ಅವರಿಗೆ ಗಾಜಿನ ಚಿಂತೆಯಿಲ್ಲ. ತಾರೀಖನ್ನು ಯಂತ್ರವೇ ಗುರುತಿಸಿಡುತ್ತದೆ. ಚಿತ್ರದಲ್ಲಿರುವವರ ಹೆಸರನ್ನೂ ಊರನ್ನೂ ಮಾತ್ರ ಅವರೇ ಬರೆದಿಡಬೇಕು.

ದೀನದಯಾಳರ ಕೊನೆಯ ದಿನಗಳು ಸುಖವಾಗಿರಲಿಲ್ಲ. ಅವರ ಇಬ್ಬರು ಮಕ್ಕಳಾದ ಜ್ಞಾನಚಂದ್ ಮತ್ತು ಧರ್ಮಚಂದ್ ತಂದೆಯ ವೃತ್ತಿಯನ್ನೇ ಹಿಡಿದಿದ್ದರು. ಅವರಲ್ಲಿ ಧರ್ಮಚಂದ್ 1904ರಲ್ಲಿ ತೀರಿಕೊಂಡರು. ಬೆಳೆದ ಮಗನನ್ನು ಕಳೆದುಕೊಂಡ ತಂದೆ ಮರುವರ್ಷವೇ, 1905ರ ಜುಲೈ 5ರಂದು, ಅರವತ್ತೊಂದರ ಆಸುಪಾಸಿನಲ್ಲಿ ಕಣ್ಮುಚ್ಚಿದರು. ಜ್ಞಾನಚಂದ್ ಸಂಸ್ಥೆಯನ್ನು ಮುನ್ನಡೆಸಿದರು. 1911ರಲ್ಲಿ ಆಶ್ರಯದಾತರಾದ ಆರನೆಯ ನಿಜಾಮರೂ ತೀರಿಕೊಂಡರು. ಸಂಸ್ಥೆಯ ಹಿಂದಿನ ವೈಭವ ಮತ್ತೆ ಮರಳಲಿಲ್ಲ.

ಅಂಗಡಿ ಮುಚ್ಚಿದರೂ ಗಾಜುಗಳು ಉಳಿದವು. ಮನೆಯವರು ಅವನ್ನು ತಲೆಮಾರುಗಳವರೆಗೆ ಕಾಪಾಡಿಕೊಂಡು ಬಂದರು. ತೇವದಿಂದ ಲೇಪ ಏಳುತ್ತದೆ, ಕೈಜಾರಿದರೆ ಒಡೆಯುತ್ತದೆ, ಇಡುವುದಕ್ಕೆ ಸ್ಥಳ ಬೇಕು, ಮಾರಿದರೆ ಬೆಲೆ ಬಾರದು. ಇಂಥ ವಸ್ತುವನ್ನು ಮನೆಯಲ್ಲಿಟ್ಟುಕೊಂಡು ಸಲಹುವುದು ಸುಲಭವಲ್ಲ. 1989ರಲ್ಲಿ ದೆಹಲಿಯ ಇಂದಿರಾಗಾಂಧಿ ರಾಷ್ಟ್ರೀಯ ಕಲಾಕೇಂದ್ರವು 2,857 ಗಾಜಿನ ಹಲಗೆಗಳನ್ನು ಪಡೆದುಕೊಂಡು ಸಂರಕ್ಷಣೆಯ ಕೆಲಸವನ್ನು ಕೈಗೊಂಡಿತು. 2006ರಲ್ಲಿ ಭಾರತ ಸರಕಾರವು ದೀನದಯಾಳರ ನೆನಪಿಗಾಗಿ ಅಂಚೆಚೀಟಿಯನ್ನು ಹೊರತಂದಿತು. ಬಾಳಿಡೀ ಇತರರ ಮುಖಗಳನ್ನು ಚಿತ್ರಿಸಿದವರ ಮುಖ ಆ ಪುಟ್ಟ ಕಾಗದದ ಚೂರಿನ ಮೇಲೆ ಊರೂರಿಗೆ ಹೋಯಿತು.